ಮೊದಲು ಲೋಡು, ಆಮೇಲೆ ಬಾಡಿ, ಕೊನೆಗೆ ಚಾಸಿ

ಈ ಸಲ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವಾಗ ಸಿಗೋ ಒಂದು ಹಳ್ಳಿ. ಗೋವಿನಜೋಳ ಬರೋ ಕಾಲ. ಅರ್ಧ ರಸ್ತೆಗೆ ಜೋಳ ಒಣಹಾಕಿದ್ದರು, ಉಳಿದರ್ಧದಲ್ಲಿ ಲಾರಿ, ಟ್ರ್ಯಾಕ್ಟರು ಎಲ್ಲಾ ಹೋಗಬೇಕು. ವರ್ಷದಲ್ಲಿ ಗಾಡಿಯವರಿಗೆ ಊಟ ಮಾಡೋಕೂ ಪುರುಸೊತ್ತು ಸಿಗದ ಎರಡು ತಿಂಗಳು ಅಂದ್ರೆ ಇವೇ. ಆದರೆ ನಮ್ಮ ಮಾಮಾನ ಲಾರಿ ಬೇವಿನ ಗಿಡದ ಕೆಳಗೆ ನಿಂತಿತ್ತು. ಬಿಳಿ ಡಬ್ಬಿ, ಅದರ ಮೇಲೆಲ್ಲಾ ಬೇವಿನ ಎಲೆ. ಹಿಂದಿನ ಬಾಗಿಲು ತೆಗೆದು ಓಣಿ ಹುಡುಗರು ಒಳಗೆ ಕ್ರಿಕೆಟ್ ಆಡ್ತಿದ್ದರು.

ಅವ್ವ ಮೊದಲೇ ಹೇಳಿದ್ದಳು, "ಮಾಮಾನ ಮುಂದ ಗಾಡಿ ಮಾತು ತಗೀಬ್ಯಾಡಪಾ" ಅಂತ. ನಾನು ತೆಗೆಯಲಿಲ್ಲ. ಚಹಾ ಕುಡಿಯುವಾಗ ಮಾಮಾನೇ ತೆಗೆದರು.

"ಅಳಿಯಾ, ನಿನ್ನ ಡಬ್ಬಿ ನೋಡಿದೇನು?"

ಗಾಡಿ ಮಾಮಾಂದು, ಸಾಲ ಮಾಮಾಂದು. ಡಬ್ಬಿ ಮಾತ್ರ ನಂದು! ಆದರೆ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಈ ಬರಹ.

ಕಥೆ ಶುರುವಾಗಿದ್ದು 2023ರ ಬೇಸಿಗೆಯಲ್ಲಿ. ಮಾಮಾ ಹದಿನೈದು ವರ್ಷ ಬೇರೆಯವರ ಗಾಡಿ ಓಡಿಸಿದವರು. ಎರಡು ಎಕರೆ ಎರಿ ಹೊಲ ಬ್ಯಾಂಕಿಗೆ ಬರೆದುಕೊಟ್ಟು ಸ್ವಂತದ್ದೊಂದು ಆರು ಗಾಲಿ ಗಾಡಿ ತಗೊಳ್ಳೋಣ ಅಂತ ನಿರ್ಧಾರ ಮಾಡಿದರು. ಸಲಹೆ ಕೇಳೋಕೆ ಫೋನ್ ಮಾಡಿದ್ದು ನನಗೆ. "ನೀ ಇಂಜಿನಿಯರ್ ಅದೀಯಲ್ಲೋ, ಯಾವ ಗಾಡಿ ಚೊಲೊ ಹೇಳು" ಅಂದರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಚಾಸಿಗೂ ನನಗೂ ಇರೋ ಸಂಬಂಧ ಅಂದ್ರೆ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತು ಪಾಟಾದ ಕುಲುಕಾಟ ಅನುಭವಿಸಿದ್ದು ಅಷ್ಟೇ. ಆದರೂ ಊರಲ್ಲಿ ಇಂಜಿನಿಯರ್ ಅಂದ್ರೆ ಇಂಜಿನಿಯರ್ :-)

ನಾನೂ ಸುಮ್ಮನಿರಲಿಲ್ಲ. ಎಕ್ಸೆಲ್ ಶೀಟ್ ಮಾಡಿದೆ, ಹದಿನಾಲ್ಕು ಕಾಲಂ! ಹಾರ್ಸ್‌ಪವರ್, ಟಾರ್ಕ್, ಗೇರು, ಟಯರಿನ ಸೈಜು, ಮೈಲೇಜು, ವಾರಂಟಿ, ಸರ್ವಿಸ್ ಸೆಂಟರ್ ಎಷ್ಟು ದೂರ, ತಿಂಗಳ ಕಂತು... ಬಿಎಸ್-6 ಬಂದ ಮೇಲೆ ಡೀಸೆಲ್ ಜೊತೆ ಆಡ್‌ಬ್ಲೂ ಖರ್ಚೂ ಇದೆಯಲ್ಲ, ಅದಕ್ಕೂ ಒಂದು ಕಾಲಂ. ಮೂರು ತಿಂಗಳು ಫೋನಿನಲ್ಲಿ ಚರ್ಚೆ ಮಾಡಿ ಒಂದು ಚಾಸಿ ಆರಿಸಿದೆವು. ಚಾಸಿ ಒಳ್ಳೇದೇ, ಇವತ್ತಿಗೂ ಅದರ ಬಗ್ಗೆ ಮಾಮಾಗೆ ಯಾವ ತಕರಾರೂ ಇಲ್ಲ.

ಬಾಡಿಗೆ ನಾವು ಕೊಟ್ಟ ಸಮಯ ಎಷ್ಟು ಗೊತ್ತಾ? ಒಂದು ಫೋನ್ ಕಾಲ್. "ಬಾಡಿ ಯಾವುದು ಕಟ್ಟಸೂಣು?" ಅಂತ ಮಾಮಾ ಕೇಳಿದಾಗ ನಾನು ಬೆಂಗಳೂರಿನ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. ಎದುರಿಗೆ ಸಾಲಾಗಿ ಕಂಟೇನರ್ ಗಾಡಿಗಳು. "ಕಂಟೇನರ್ ಕಟ್ಟಸ್ರಿ ಮಾಮಾ. ಮಳಿಗೆ ತೊಯ್ಯಂಗಿಲ್ಲ, ತಾಡಪತ್ರಿ ಕಟ್ಟೂ ತ್ರಾಸಿಲ್ಲ, ಈಗೆಲ್ಲಾ ಅದs ನಡದೈತಿ" ಅಂದೆ. ಅಲ್ಲಿಗೆ ಮುಗೀತು.

ಗೆಳೆಯರೆ, ಲಾರಿ ವ್ಯವಹಾರ ಗೊತ್ತಿಲ್ಲದವರಿಗೆ ಒಂದು ಮಾತು. ಲಾರಿಯನ್ನ ಕಾರು ಕೊಂಡ ಹಾಗೆ ಕೊಳ್ಳೋದಿಲ್ಲ. ಈ ಅಳತೆಯ ಗಾಡಿಗಳಲ್ಲಿ ಶೋರೂಮಿನಿಂದ ಬರೋದು ಬಹಳ ಸಲ ಚಾಸಿ ಮತ್ತು ಕ್ಯಾಬಿನ್ ಮಾತ್ರ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅದಕ್ಕೆ ಕೂರಿಸಿದ ಇಂಜಿನ್, ಗೇರ್ ಬಾಕ್ಸ್, ಪಾಟಾ, ಗಾಲಿ. ಸಾಮಾನು ಹೇರೋ ಜಾಗ ಇದೆಯಲ್ಲ, ಅದನ್ನ ಬೇರೆ ಕಡೆ ಕಟ್ಟಿಸಬೇಕು. ಕಂಪನಿಯವರೇ ಬಾಡಿ ಸಮೇತ ಕೊಡೋದೂ ಉಂಟು. ಆದರೆ ನಮ್ಮ ಕಡೆ ಮಿಸ್ತ್ರಿ ಹತ್ತಿರ ನಿಂತು ಕಟ್ಟಿಸೋರೇ ಹೆಚ್ಚು. ಅಂದ್ರೆ ಇಲ್ಲಿ ಇರೋದು ಎರಡು ನಿರ್ಧಾರ, ಎರಡು ಬಿಲ್ಲು. ಮೊದಲನೇ ಬಿಲ್ಲು ದೊಡ್ಡದು ಅಂತ ನಾವು ತಲೆಯನ್ನೆಲ್ಲಾ ಅಲ್ಲೇ ಖರ್ಚು ಮಾಡ್ತೀವಿ.

ಬಾಡಿ ಕಟ್ಟೋದು ಸಣ್ಣ ಕೆಲಸ ಅಂತ ದೊಡ್ಡವರು ಯಾರೂ ತಿಳಿದಿಲ್ಲ. ಕಿತ್ತೂರಿನಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಹೋಗುವಾಗ ಸಿಗೋ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, ಟಾಟಾ ಮಾರ್ಕೊಪೋಲೊ ಅನ್ನೋ ಹೆಸರಲ್ಲಿ ಶುರುವಾದ ಅಷ್ಟು ದೊಡ್ಡ ಕಾರ್ಖಾನೆಯ ಕೆಲಸವೇ ಬಸ್ಸಿನ ಬಾಡಿ ಕಟ್ಟೋದು. ಇನ್ನು ವಿಜಯ ಸಂಕೇಶ್ವರರ ವಿಆರ್‌ಎಲ್ ಕಥೆ ನಿಮಗೆಲ್ಲ ಗೊತ್ತು. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾಗಿದ್ದು, 2022ರಲ್ಲಿ ಸಿನಿಮಾನೂ ಬಂತು. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಅವರು ಚಾಸಿಯನ್ನ ಎಲ್ಲರ ಹಾಗೆ ಕಂಪನಿಗಳಿಂದಲೇ ಕೊಳ್ತಾರೆ. ಬಾಡಿ ಕಟ್ಟೋ ಕೆಲಸವನ್ನ ಮಾತ್ರ ಹುಬ್ಬಳ್ಳಿಯಲ್ಲಿ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಹಗುರ ಮತ್ತು ಉದ್ದ ಬಾಡಿ. ಪಾರ್ಸಲ್ ಸಾಮಾನಿಗೆ ತೂಕಕ್ಕಿಂತ ಜಾಗ ಜಾಸ್ತಿ ಬೇಕು ನೋಡಿ. ತಾವು ಹೇರೋದೇನು ಅಂತ ಗೊತ್ತಿದ್ದವರ ಬಾಡಿ ಅದು.

ನಮಗೆ ಅದು ಗೊತ್ತಿರಲಿಲ್ಲವಾ? ಮಾಮಾಗೆ ಗೊತ್ತಿತ್ತು. ನಾನು ಕೇಳಲಿಲ್ಲ.

ಮೊದಲನೇ ಸುಗ್ಗಿಗೇ ಬಣ್ಣ ಬಯಲಾಯಿತು. ಬೈಲಹೊಂಗಲದ ಅಡತಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ಹಮಾಲರು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ ನಕ್ಕರಂತೆ. ಓಪನ್ ಬಾಡಿ ಆದ್ರೆ ಪಕ್ಕದ ಹಲಗೆ ಬಿಚ್ಚಿ ಮೂರೂ ಕಡೆಯಿಂದ ಚೀಲ ಹೇರಬಹುದು. ಇಬ್ಬರು ಮೇಲೆ, ನಾಲ್ವರು ಕೆಳಗೆ, ಕೆಲಸ ಸರಸರ ಆಗುತ್ತೆ. ಡಬ್ಬಿಗೆ ಇರೋದು ಒಂದೇ ಬಾಗಿಲು, ಅದೂ ಹಿಂದೆ.

"ಸಾವಕಾರ್ರ, ಇದು ಗಾಡಿ ಅಲ್ರಿ, ಗವಿ ಐತಿ. ಚೀಲಾ ಹೊತ್ತು ಇಪ್ಪತ್ತೆರಡು ಫೂಟ ಒಳಗ ಹೋಗಬೇಕು, ಮತ್ತ ಇಪ್ಪತ್ತೆರಡು ಫೂಟ ಹೊರಗ ಬರಬೇಕು. ಒಳಗ ನೋಡಿದ್ರ ತಗಡು ಕಾದು ಹಂಚಾಗೈತಿ" ಅಂತ ಒಬ್ಬ ಹಮಾಲ ಹೇಳಿದನಂತೆ. ಚೀಲಕ್ಕೆ ಎರಡು ರೂಪಾಯಿ ಜಾಸ್ತಿ ಕೇಳಿದರು. ಅದು ಅನ್ಯಾಯ ಅಂತ ನನಗೆ ಅನ್ನಿಸೋದಿಲ್ಲ. ನಾನು ಏಸಿಯಲ್ಲಿ ಕೂತು ಆರಿಸಿದ ಡಬ್ಬಿಯ ಸೆಕೆ ಅವರ ಬೆನ್ನ ಮೇಲೆ ಬಿತ್ತು. ಆದರೆ ಆ ಎರಡು ರೂಪಾಯಿಯನ್ನ ಅಡತಿಯವರು ಕೊಡೋದಿಲ್ಲ, ರೈತರು ಕೊಡೋದಿಲ್ಲ. ಪಕ್ಕದಲ್ಲೇ ಓಪನ್ ಬಾಡಿ ಗಾಡಿ ನಿಂತಿರುವಾಗ ಯಾಕೆ ಕೊಡ್ತಾರೆ?

ಕಬ್ಬಿನ ಕಥೆ ಇನ್ನೂ ಸುಲಭ. ನಮ್ಮ ಕಡೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹಿಡಿದು ರಾಮದುರ್ಗದ ಕಡೆಯ ಕಾರ್ಖಾನೆಗಳ ತನಕ ಚಳಿಗಾಲ ಪೂರ್ತಿ ಕಬ್ಬು ಸಾಗುತ್ತೆ. ಕಬ್ಬನ್ನ ಮೇಲಿಂದ ಒಟ್ಟಿ ಹೇರಬೇಕು, ಕಾರ್ಖಾನೆಯಲ್ಲಿ ಕ್ರೇನು ಮೇಲಿಂದ ಎತ್ತಿ ಇಳಿಸಬೇಕು. ಮುಚ್ಚಿದ ಡಬ್ಬಿಗೆ ಅಲ್ಲಿ ಕೆಲಸವೇ ಇಲ್ಲ. ಕಣಿಕಿ, ಹೊಟ್ಟು ಅದೇ ಕಥೆ. ಸೈಜುಗಲ್ಲು, ಮರಳು ಅಂತೂ ಕೇಳಲೇಬೇಡಿ.

ಇನ್ನು ತೂಕ. ಇಲ್ಲಿ ನನ್ನ ಎಕ್ಸೆಲ್ ಶೀಟಿನ ಮಾನ ಹೋಯಿತು. ಎರಡು ಆಕ್ಸಲ್, ಆರು ಗಾಲಿಯ ಗಾಡಿಗೆ ಮೊದಲು ಒಟ್ಟು ತೂಕ 16.2 ಟನ್ ಮೀರಬಾರದು ಅಂತಿತ್ತು. 2018ರ ಜುಲೈನಲ್ಲಿ ಕೇಂದ್ರ ಸರಕಾರ ಅದನ್ನ 18.5 ಟನ್ನಿಗೆ ಏರಿಸಿತು. ಒಟ್ಟು ತೂಕ ಅಂದ್ರೆ ಬರೀ ಸಾಮಾನಿಂದಲ್ಲ. ಚಾಸಿ, ಕ್ಯಾಬಿನ್, ಬಾಡಿ, ಡೀಸೆಲ್, ಡ್ರೈವರ್, ಕ್ಲೀನರ್ ಎಲ್ಲಾ ಸೇರಿ. ಮಾಮಾನ ಗಾಡಿಯ ಚಾಸಿ-ಕ್ಯಾಬಿನ್ ಸುಮಾರು 4.8 ಟನ್. ಡಬ್ಬಿ 2.3 ಟನ್. ಉಳಿಯೋದು 11.4 ಟನ್. ಅದೇ ಚಾಸಿ ಮೇಲೆ ಮಿಸ್ತ್ರಿ ಕಟ್ಟಿಕೊಡ್ತೀನಿ ಅಂದಿದ್ದ ಓಪನ್ ಬಾಡಿಯ ತೂಕ 1.6 ಟನ್. 700 ಕೆಜಿ ವ್ಯತ್ಯಾಸ! ಐವತ್ತು ಕೆಜಿಯ 14 ಚೀಲ. ವರ್ಷಕ್ಕೆ 150 ಟ್ರಿಪ್ ಅಂದ್ರೂ 105 ಟನ್ ಬಾಡಿಗೆ ತಗಡಿನ ರೂಪದಲ್ಲಿ ಸುಮ್ಮನೆ ಅಡ್ಡಾಡುತ್ತೆ. ಆ ತಗಡಿಗೂ ಡೀಸೆಲ್ ಸುಡಬೇಕು.

ಇನ್ನೊಂದು ಲೆಕ್ಕ ನೋಡಿ. ಡಬ್ಬಿಯ ಒಳಗಳತೆ 22 ಅಡಿ ಉದ್ದ, ಏಳೂವರೆ ಅಡಿ ಅಗಲ, 7 ಅಡಿ ಎತ್ತರ. ಅಂದ್ರೆ ಸುಮಾರು 32 ಘನ ಮೀಟರ್‌ಗೂ ಸ್ವಲ್ಪ ಜಾಸ್ತಿ. ಒಂದು ಘನ ಮೀಟರ್ ಗೋವಿನಜೋಳ ಹೆಚ್ಚುಕಡಿಮೆ 720 ಕೆಜಿ ತೂಗುತ್ತೆ. ಡಬ್ಬಿ ತುಂಬಾ ಜೋಳ ತುಂಬಿದರೆ 23 ಟನ್ ದಾಟುತ್ತೆ. ನಾವು ಹೇರಬಹುದಾದದ್ದು 11.4 ಟನ್. ಅಂದ್ರೆ ಜೋಳ ಹೇರಿದಾಗ ಡಬ್ಬಿಯ ಮೇಲಿನ ಅರ್ಧ ಬರೀ ಗಾಳಿ. ಆ ಗಾಳಿಗೆ ಗೋಡೆ ಕಟ್ಟೋಕೆ ನಾವು ದುಡ್ಡು ಕೊಟ್ಟಿದ್ದೀವಿ, ಅದರ ತೂಕ ಹೊತ್ತಿದ್ದೀವಿ! ಒತ್ತಿದ ಹತ್ತಿ ಬೇಲ್ ಒಂದಕ್ಕೆ 170 ಕೆಜಿ, ಹಾಗಾಗಿ 67 ಬೇಲಿಗೆ ತೂಕ ಮುಗೀತು. ಅದೇ ಬಿಡಿ ಹತ್ತಿಯ ಅಂಡಿಗಿ ಆದ್ರೆ ಉಲ್ಟಾ, ಡಬ್ಬಿ ತುಂಬಿದರೂ ಕಾಟಾದ ಮೇಲೆ ತೂಕ ಕಾಣೋದಿಲ್ಲ. ಸಾಮಾನು ಯಾವುದು ಅನ್ನೋದರ ಮೇಲೆ ಜಾಗ ಬೇಕೋ ತೂಕ ಬೇಕೋ ನಿರ್ಧಾರ ಆಗುತ್ತೆ. ಈ ಲೆಕ್ಕ ಹತ್ತನೇ ಕ್ಲಾಸಿನ ಹುಡುಗನೂ ಮಾಡಬಹುದು. ಮೂರು ತಿಂಗಳು ಹದಿನಾಲ್ಕು ಕಾಲಂ ತುಂಬಿದ ನಾನು ಮಾಡಿರಲಿಲ್ಲ.

ದೀಪಾವಳಿ ಪಾಡ್ಯದ ದಿನ ಕಟ್ಟೆ ಮೇಲೆ ಕೂತಾಗ ಪಕ್ಕದ ಮನೆಯ ಅಜ್ಜ ಬಂದರು. ಪ್ರಾಯದಲ್ಲಿ ಸ್ವಂತ ಚಕ್ಕಡಿ ಇಟ್ಟು ಬಾಡಿಗೆ ಹೊಡೆದವರು. ಅವರು ಹೇಳಿದ ಮಾತು ನನ್ನ ಯಾವ ಪ್ರೊಫೆಸರೂ ಹೇಳಿರಲಿಲ್ಲ.

"ತಮ್ಮಾ, ಚಕ್ಕಡಿ ಮಾಡಸಾಕ ಹ್ವಾದ್ರ ಬಡಗ್ಯಾ ಮೊದಲ ಕೇಳಾಂವ, ಏನ್ ಹೇರತೀಪಾ ಅಂತ. ಕಲ್ಲು ಹೇರಾಂವಗ ಒಂದು ನಮೂನಿ, ಹೊಟ್ಟು ಹೇರಾಂವಗ ಒಂದು ನಮೂನಿ. ಹಿಂಭಾರ ಆತಂದ್ರ ನೊಗಾ ಎತ್ತಿನ ಕುತಿಗಿ ಬಿಟ್ಟು ಮ್ಯಾಲ ಏಳತೈತಿ. ಮುಂಭಾರ ಆತಂದ್ರ ಎತ್ತು ಕುಸೀತಾವು. ನೀವು ಸಾಲಿ ಕಲತಾವ್ರು ಎತ್ತಿನ ಹಲ್ಲ ನೋಡಿದ್ರಿ, ಚಕ್ಕಡಿ ನೋಡಲಿಲ್ಲ."

ಲಾರಿಗೂ ಇದೇ ನ್ಯಾಯ. ಹಿಂದಿನ ಗಾಲಿಗಳಿಂದ ಆಚೆಗೆ ಬಾಡಿ ಜಾಸ್ತಿ ಚಾಚಿಕೊಂಡು, ಅಲ್ಲೇ ಭಾರ ಬಿದ್ದರೆ ಮುಂದಿನ ಗಾಲಿ ಹಗುರಾಗುತ್ತೆ, ಸ್ಟೇರಿಂಗ್ ಹಿಡಿತಕ್ಕೆ ಸಿಗೋದಿಲ್ಲ. ಅದಕ್ಕೇ ಮೋಟಾರು ವಾಹನ ನಿಯಮದಲ್ಲಿ, ಹಿಂದಿನ ಚಾಚು ವೀಲ್‌ಬೇಸಿನ ನೂರಕ್ಕೆ 60 ಭಾಗ ದಾಟಬಾರದು ಅಂತಿದೆ. ವೀಲ್‌ಬೇಸ್ ಅಂದ್ರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ. ಒಂದೇ ಮಾಡೆಲ್ಲಿನ ಚಾಸಿ ಬೇರೆ ಬೇರೆ ವೀಲ್‌ಬೇಸಿನಲ್ಲಿ ಸಿಗುತ್ತೆ. ಉದ್ದ ಬಾಡಿ ಬೇಕಾದ್ರೆ ಉದ್ದ ವೀಲ್‌ಬೇಸ್ ತಗೋಬೇಕು. ಹಳ್ಳಿ ಓಣಿಯಲ್ಲಿ, ಹೊಲದ ದಾರಿಯಲ್ಲಿ ತಿರುಗಿಸಬೇಕಾದ್ರೆ ಗಿಡ್ಡ ವೀಲ್‌ಬೇಸೇ ಸರಿ. ಅಂದ್ರೆ ಬಾಡಿ ಎಷ್ಟುದ್ದ ಅಂತ ಗೊತ್ತಿಲ್ಲದೆ ಚಾಸಿ ಆರಿಸೋಕೇ ಬರೋದಿಲ್ಲ. ನಾವು ಆರಿಸಿದ್ದು ಉಲ್ಟಾ ದಾರಿಯಲ್ಲಿ.

ಹಾಗಾದ್ರೆ ಕಂಟೇನರೇ ಕೆಟ್ಟದ್ದಾ? ಖಂಡಿತಾ ಅಲ್ಲ. ರಾಮದುರ್ಗದ ನೇಕಾರರ ಸೀರೆ ಸಾಗಿಸೋರಿಗೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಔಷಧಿ, ಟೀವಿ, ಬಿಸ್ಕೀಟು ಒಯ್ಯೋರಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಕಳ್ಳತನ ಇಲ್ಲ, ತೊಯ್ಯೋದಿಲ್ಲ. ತಾಡಪತ್ರಿ ಸ್ವಲ್ಪ ಹರಿದರೂ ಸಿಮೆಂಟ್ ಚೀಲ ಕಲ್ಲಾಗೋದನ್ನ, ಸೋಯಾ ಬೂಸ್ಟು ಹಿಡಿಯೋದನ್ನ ಮಾಮಾ ತಮ್ಮ ಹಳೇ ಸಾವಕಾರರ ಗಾಡಿಯಲ್ಲಿ ಕಣ್ಣಾರೆ ನೋಡಿದ್ದಾರೆ.

ಓಪನ್ ಬಾಡಿಗೂ ಅದರದೇ ದುರ್ಗುಣ ಇದೆ. ಮೇಲೆ ಆಕಾಶ ಖಾಲಿ ಇದ್ದರೆ ಇನ್ನೊಂದು ಸಾಲು, ಇನ್ನೊಂದು ಸಾಲು ಅಂತ ಆಸೆ ಬೆಳೆಯುತ್ತೆ. 2019ರ ತಿದ್ದುಪಡಿ ಕಾಯ್ದೆ ಪ್ರಕಾರ ಓವರ್‌ಲೋಡಿಗೆ ದಂಡ 20 ಸಾವಿರ ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2 ಸಾವಿರ. ದಂಡಕ್ಕಿಂತ ಮುಂಚೆ ಪಾಟಾ ಮುರಿಯುತ್ತೆ, ಬ್ರೇಕು ಸೋಲುತ್ತೆ. ಹುಣ್ಣಿಮೆ ಬಂತಂದ್ರೆ ಯಲ್ಲಮ್ಮನ ಗುಡ್ಡಕ್ಕೆ ಜನರನ್ನೂ ಲೋಡ್ ಬಾಡಿಯಲ್ಲಿ ತುಂಬಿಕೊಂಡು ಹೋಗ್ತಾರೆ. ಅದಂತೂ ಯಾವ ಬಾಡಿಯಲ್ಲೂ ಮಾಡಬಾರದ ಕೆಲಸ.

ಹಾಗಾಗಿ ನನ್ನ ವಾದ ಡಬ್ಬಿಗೆ ವಿರುದ್ಧ ಅಲ್ಲ, ಅನುಕ್ರಮಕ್ಕೆ ವಿರುದ್ಧ. ನಾವೆಲ್ಲ ಮೊದಲು ಚಾಸಿ, ಆಮೇಲೆ ಬಾಡಿ, ಗಾಡಿ ಮನೆ ಮುಂದೆ ನಿಂತ ಮೇಲೆ ಲೋಡು ಹುಡುಕ್ತೀವಿ. ಆಗಬೇಕಾದ್ದು ತಿರುಗಿಸಿ. ನಮ್ಮ ಕಡೆ ಯಾರಾದರೂ ಗಾಡಿ ತಗೊಳ್ಳೋರಿದ್ದರೆ ಶೋರೂಮಿಗೆ ಹೋಗೋ ಮೊದಲು ಒಂದು ನೋಟ್‌ಬುಕ್ ಹಿಡಿದು ಎಪಿಎಂಸಿಯಲ್ಲಿ ಎಂಟು ದಿನ ಕೂರಲಿ. ಇಷ್ಟು ಬರೆದುಕೊಳ್ಳಲಿ:

1. ವರ್ಷದ ಹನ್ನೆರಡು ತಿಂಗಳಲ್ಲಿ ಯಾವ ತಿಂಗಳು ಏನು ಹೇರ್ತೀನಿ? ಸುಗ್ಗಿ ಮುಗಿದ ಮೇಲೆ ಏನು?

2. ಆ ಸಾಮಾನಿಗೆ ಮೊದಲು ಮುಗಿಯೋದು ಜಾಗವೋ, ತೂಕವೋ?

3. ಹೇರೋರು ಯಾರು, ಇಳಿಸೋರು ಯಾರು? ಹಮಾಲರಾ, ಕ್ರೇನಾ? ಮೇಲಿಂದಲಾ, ಪಕ್ಕದಿಂದಲಾ, ಹಿಂದಿನಿಂದಲಾ?

4. ವಾಪಸ್ ಬರುವಾಗ ಏನು? ಜೋಳ ಒಯ್ದ ಗಾಡಿ ಲೋಕಾಪುರ-ಮುದ್ದಾಪುರ ಕಡೆಯಿಂದ ಸಿಮೆಂಟ್ ತರಬಹುದಾ, ಹುಬ್ಬಳ್ಳಿಯಿಂದ ಗೊಬ್ಬರ ತರಬಹುದಾ? ಖಾಲಿ ಬರೋ ಗಾಡಿ ಎಷ್ಟು ಮೈಲೇಜ್ ಕೊಟ್ಟರೂ ಲುಕ್ಸಾನೇ.

5. ಗಾಡಿ ತಿರುಗಬೇಕಾದ ಅತೀ ಇಕ್ಕಟ್ಟಿನ ಜಾಗ ಯಾವುದು?

ಇದಕ್ಕೆ ಉತ್ತರ ಸಿಕ್ಕರೆ ಬಾಡಿ ಎಷ್ಟುದ್ದ, ಎಷ್ಟೆತ್ತರ, ಮುಚ್ಚಿದ್ದೋ ತೆರೆದದ್ದೋ ಅಂತ ತಾನಾಗೇ ಗೊತ್ತಾಗುತ್ತೆ. ಬಾಡಿ ಗೊತ್ತಾದರೆ ವೀಲ್‌ಬೇಸ್ ಗೊತ್ತಾಗುತ್ತೆ. ಕೊನೆಗೆ ಯಾವ ಕಂಪನಿ, ಎಷ್ಟು ಹಾರ್ಸ್‌ಪವರ್ ಅನ್ನೋದು ಒಂದು ದಿನದ ಮಾತು. ಆಫೀಸಿನಲ್ಲಿ ಕ್ಲೈಂಟಿಗೆ ಏನು ಬೇಕು ಅಂತ ಕೇಳದೇ ಕೋಡ್ ಬರೆದರೆ ನಮ್ಮ ಟೀಮ್ ಲೀಡ್ ಬೈತಾನೆ. ಅದೇ ತಪ್ಪನ್ನ ನಾನು ನಮ್ಮ ಮನೆಯವರ ಹೊಲದ ಮೇಲೆ ಮಾಡಿದೆ. ಒಂದು ಶ್ಲೇಷೆ ಹೇಳದೇ ಇರೋಕೆ ಆಗ್ತಿಲ್ಲ, ಕ್ಷಮಿಸಿ: ಬಾಡಿಗೆ ಸಿಗಬೇಕಾದ್ರೆ ಬಾಡಿಗೆ ತಲೆ ಕೊಡಬೇಕು :-)

ತಪ್ಪು ತಿದ್ದಿಕೊಳ್ಳೋದು ಸುಲಭವೂ ಅಲ್ಲ. ಕೋಡ್ ಆದ್ರೆ ಅಳಿಸಿ ಬರೀಬಹುದು. ಲಾರಿಯ ಬಾಡಿ ಬದಲಾಯಿಸಬೇಕು ಅಂದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಆರ್‌ಟಿಒ ಒಪ್ಪಿಗೆ ಬೇಕು, ಸಾಲ ಕೊಟ್ಟವರ ಒಪ್ಪಿಗೆ ಪತ್ರ ಬೇಕು, ಆರ್‌ಸಿಯಲ್ಲಿ ಬದಲಾಗಬೇಕು. ಅಲ್ಲೀವರೆಗೂ ಗಾಡಿ ನಿಂತಿರುತ್ತೆ, ಕಂತು ನಿಲ್ಲೋದಿಲ್ಲ.

ಎರಡು ವರ್ಷ ಮಾಮಾ ಹೇಗೋ ಹುಬ್ಬಳ್ಳಿಯ ಪಾರ್ಸಲ್ ಕೆಲಸ ಹಿಡಿದು ದೂಡಿದರು. ಅದು ಸಿಕ್ಕಾಗ ಸಿಕ್ಕಿತು. ಸಿಗದಿದ್ದಾಗ ಕಂತಿಗೆ ಅತ್ತಿಯ ಪಾಟಲಿ ಹೋಯಿತು. ಅದನ್ನ ಮಾಮಾ ಹೇಳಲಿಲ್ಲ. ಚಹಾ ಕೊಡುವಾಗ ಅತ್ತಿಯ ಕೈ ನೋಡಿ ನನಗೆ ಗೊತ್ತಾಯಿತು.

ಹಬ್ಬ ಮುಗಿದ ಮಾರನೇ ದಿನ ಇಬ್ಬರೂ ಬೈಲಹೊಂಗಲಕ್ಕೆ ಹೋದೆವು, ಬಾಡಿ ಮಿಸ್ತ್ರಿ ಹತ್ತಿರ. ಅರ್ಜಿ ಕೆಲಸ ಶುರುವಾಗಿದೆ. ಡಬ್ಬಿಯನ್ನ ಕೊಳ್ಳೋಕೆ ಒಬ್ಬರು ಸಿಕ್ಕಿದ್ದಾರೆ, ಅರ್ಧ ಬೆಲೆಗೆ. ಹೊಸ ಬಾಡಿಯ ಖರ್ಚಿನಲ್ಲಿ ಅರ್ಧ ನಾನು ಕೊಡ್ತೀನಿ ಅಂದೆ. ಮಾಮಾ ಮೊದಲು ಬ್ಯಾಡ ಅಂದರು, ಆಮೇಲೆ ಸುಮ್ಮನಾದರು. ಪಕ್ಕದ ಹಲಗೆ ಎಷ್ಟೆತ್ತರ ಇರಬೇಕು ಅಂತ ಮಿಸ್ತ್ರಿ ಕೇಳಿದ. ನಾನು ಅಭ್ಯಾಸಬಲದಿಂದ ಬಾಯಿ ತೆಗೆದೆ. ಮಾಮಾ ನನ್ನ ಭುಜದ ಮೇಲೆ ಕೈ ಇಟ್ಟು, "ನೀ ತಡಿ ಅಳಿಯಾ" ಅಂದವರೇ ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಕೂತಿದ್ದ ಇಬ್ಬರು ಹಮಾಲರನ್ನ ಕರೆದುಕೊಂಡು ಬಂದರು. ಅವರು ಚೀಲ ಹೊತ್ತ ಹಾಗೆ ನಿಂತು ಭುಜದ ಎತ್ತರ ತೋರಿಸಿದರು. ಮಿಸ್ತ್ರಿ ಸೀಮೆಸುಣ್ಣದಲ್ಲಿ ಗೆರೆ ಎಳೆದ.

ನಿಮ್ಮ ಮನೆಯಲ್ಲಿ, ಊರಲ್ಲಿ ಲಾರಿ ಇಟ್ಟವರಿದ್ದರೆ ಅವರ ಅನುಭವ ಏನು? ಮೊದಲು ಯಾವುದನ್ನ ನೋಡಿದರು, ಚಾಸಿಯನ್ನೋ ಲೋಡನ್ನೋ? ಬರೆದು ತಿಳಿಸಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೂ ಹೇಳಿ, ಬೈಸಿಕೊಳ್ಳೋದು ಈಗ ಅಭ್ಯಾಸ ಆಗಿದೆ.